ಖಣದ ಕುಪ್ಪಸ ಎಲ್ಲ ಮೈಗೂ: ಈ ತಿಂಗಳ ಕೆಲಸ

ಕಂಕುಳಿನ ತಕರಾರು ಅಂತೂ ಬಗೆಹರಿಯಿತು. ದಪ್ಪ ಮೈಯ ಹೆಂಗಸರಿಗೆ ಹೊಂದುವ ರವಿಕೆಯ ಕಾಗದದ ಮಾದರಿಗಳನ್ನು ಮಾಡಲು ಹೊರಟಾಗಿನಿಂದ ನಮ್ಮ ಗುಂಪನ್ನು ಕಾಡಿದ್ದು ಅದೇ. ಹೊಲಿಗೆ ತರಗತಿಯ ಲೆಕ್ಕದಲ್ಲಿ ಸಕಲವೂ ಎದೆಯ ಸುತ್ತಳತೆಯಿಂದಲೇ ಹುಟ್ಟುತ್ತದೆ. ಎದೆ ಹೆಚ್ಚಿದಂತೆ ತೋಳು ಕೂರಿಸುವ ಕಂಡಿ, ಅಂದರೆ ಆರ್ಮ್‌ಹೋಲ್ ಆಳವಾಗುತ್ತದೆ. 36 ಇಂಚಿನವರೆಗೆ ಸರಿ. 44ಕ್ಕೆ ಬರುವಷ್ಟರಲ್ಲಿ ಅದು ಪಕ್ಕೆಗೆ ಇಳಿದಿರುತ್ತದೆ. ಕೈ ಎತ್ತಿದರೆ ಇಡೀ ರವಿಕೆಯೇ ಮೇಲೇಳುತ್ತದೆ. ಆಗ ದರ್ಜಿಯಿಂದ ಕೇಳಿಬರುವ ಮಾತು ನಮಗೆಲ್ಲ ಬಾಯಿಪಾಠ: "ಸ್ವಲ್ಪ ತೂಕ ಇಳಿಸಿ ಮೇಡಂ, ಚೆನ್ನಾಗಿ ಕೂರುತ್ತದೆ."

ಈಗ ತೋಳಿನ ಅಳತೆಯನ್ನು ಬೇರೆಯಾಗಿಯೇ ತೆಗೆಯುತ್ತೇವೆ. ನಮ್ಮಲ್ಲೇ ಎದೆ 44 ಇಂಚು ಇರುವ ಇಬ್ಬರಲ್ಲಿ ಒಬ್ಬರ ತೋಳು 13, ಇನ್ನೊಬ್ಬರದು 17. ಒಂದೇ ಲೆಕ್ಕ ಇಬ್ಬರಿಗೂ ಹೇಗೆ ಹೊಂದೀತು? ಆರ್ಮ್‌ಹೋಲನ್ನು ಮೇಲಕ್ಕೆ ತಂದು, ಕಂಕುಳಿನಡಿ ಮೂರಿಂಚಿನ ಚೌಕ ತುಂಡೊಂದನ್ನು ಓರೆಯಾಗಿ ಕೂರಿಸಿದೆವು. ಗುಂಪಿನ ಶಾಲಾ ಶಿಕ್ಷಕಿ ಅದನ್ನು ತೊಟ್ಟು, ಗೋಡೆಯ ಮೇಲೆ ಬರೆಯುವವರಂತೆ ಕೈಯಾಡಿಸಿದರು. ಕೆಳಗಿನ ಪಟ್ಟಿ ಕದಲಲಿಲ್ಲ. "ಬೋರ್ಡಿನ ಮೇಲಿನ ಸಾಲನ್ನು ನಾನು ಬಿಟ್ಟೇ ಬಿಟ್ಟಿದ್ದೆ ಕಣ್ರೀ" ಎಂದು ನಕ್ಕರು.

ಇನ್ನು ಬಟ್ಟೆ. ಸೀರೆಯೊಂದಿಗೆ ಬರುವ ರವಿಕೆ ತುಂಡು ಸಾಮಾನ್ಯವಾಗಿ 80 ಸೆಂಟಿಮೀಟರ್. ಗುಳೇದಗುಡ್ಡದಲ್ಲಿ ನೇಯುವ ರವಿಕೆ ಬಟ್ಟೆ ಖಣವಂತೂ ಅಗಲದಲ್ಲೂ ಕಿರಿದು. ಸಾಲದ ಕಡೆ ಬೇರೆ ಬಣ್ಣದ ಖಣ ಜೋಡಿಸುತ್ತೇವೆ. ಜೋಡಣೆ ಕಾಣದಂತೆ ಅದೇ ಬಣ್ಣ ಹುಡುಕಬೇಕೇ ಎಂದು ಚರ್ಚೆಯಾಯಿತು. ಬೇಡವೆಂದೆ, ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ. ಕೆಂಪು ಖಣದ ಪಕ್ಕೆಗೆ ಹಸಿರು ಪಟ್ಟಿ, ಅಂಚು ಹೊರಗೇ ಕಾಣುವಂತೆ. ನಮ್ಮ ಕಡೆಯ ಹಳೆಯ ಕುಪ್ಪಸವನ್ನು ಮುಂದೆ ಗಂಟು ಹಾಕಿ ಉಡುತ್ತಿದ್ದರು. ಬಸುರಿಯಾಗಲಿ, ಬಾಣಂತಿಯಾಗಲಿ, ಮೈ ಏರಿದರೆ ಗಂಟು ಸಡಿಲಿಸಿದರೆ ಮುಗಿಯಿತು. ಯಾರೂ ಅದಕ್ಕೊಂದು ನಂಬರು ಕೊಟ್ಟಿರಲಿಲ್ಲ.

ಸಿದ್ಧ ಉಡುಪಿನ ನಂಬರುಗಳ ಕಥೆ ಇನ್ನೂ ವಿಚಿತ್ರ. ನಮ್ಮ ದೇಶದ ಮೈಗಳನ್ನು ಅಳೆದು ಮಾಡಿದ ಪಟ್ಟಿ ಇಲ್ಲದೆ ಅಮೆರಿಕ, ಬ್ರಿಟನ್ನಿನ ಪಟ್ಟಿಗಳನ್ನೇ ತಿದ್ದಿ ಬಳಸುತ್ತ ಬಂದರು. ಅದಕ್ಕೇ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) 'ಇಂಡಿಯಾಸೈಜ್' ಸಮೀಕ್ಷೆ ಕೈಗೊಂಡು, ಬೆಂಗಳೂರೂ ಸೇರಿ ಆರು ನಗರಗಳಲ್ಲಿ 25,000 ಜನರನ್ನು ತ್ರೀಡಿ ಸ್ಕ್ಯಾನರ್‌ನಿಂದ ಅಳೆಯುವ ಗುರಿ ಇಟ್ಟುಕೊಂಡಿತು. ಅಂಗಡಿಯಲ್ಲಿ ಎಕ್ಸ್‌ಎಲ್ ಹಿಡಿಸದೆ ಮುಖ ಸಣ್ಣದು ಮಾಡಿಕೊಂಡು ಬರುವವರಿಗೆ ಈ ಸಂಗತಿಯನ್ನು ತಪ್ಪದೆ ಹೇಳುತ್ತೇನೆ.

ಫೋಟೋಗಳೂ ಆದವು. ತೊಟ್ಟವರೇ ರೂಪದರ್ಶಿಗಳು. ಹೊಟ್ಟೆ ಒಳಗೆಳೆದುಕೊಳ್ಳಬೇಡಿ ಎಂದು ಒಪ್ಪಿಸುವುದು ಹೊಲಿಗೆಗಿಂತ ಕಷ್ಟದ ಕೆಲಸ. ಕ್ಯಾಮೆರಾ ಕಂಡೊಡನೆ ಸೆರಗು ತಾನಾಗಿಯೇ ಮುಂದಕ್ಕೆ ಬರುತ್ತದೆ.

50ರ ಮೇಲಿನ ಮಾದರಿ ಬಾಕಿಯಿದೆ. ಅದಕ್ಕೂ ಮೊದಲು ನಮ್ಮ ಅತ್ತೆಯ ಕೆಲಸ. ಶಸ್ತ್ರಚಿಕಿತ್ಸೆಯಲ್ಲಿ ಅವರ ಎಡಸ್ತನ ತೆಗೆದಿದ್ದಾರೆ. ಒಳಗೆ ಹತ್ತಿ ತುಂಬಿಕೊಳ್ಳುವುದು ಅವರಿಗೆ ಇಷ್ಟವಿಲ್ಲ. ಎಡಕ್ಕೆ ಟಕ್ಸ್ (ಎದೆಯ ಉಬ್ಬಿಗೆ ಹಿಡಿಯುವ ಮಡಿಕೆ) ಇಲ್ಲದ, ಬಲಕ್ಕೆ ಟಕ್ಸ್ ಇರುವ ಮುಂಭಾಗವನ್ನು ಕಾಗದದಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ವಾರ ಕೋರಾ ಬಟ್ಟೆಯಲ್ಲಿ ಕತ್ತರಿಸಿ ನೋಡಬೇಕು.