ಕಾಣೆಯಾದ ಒಂದು ಗ್ರಾಂ

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ನಮ್ಮ ಮಗಳು ಸರ್ಕಾರಿ ಮಾಧ್ಯಮಿಕ ಶಾಲೆಯ ಏಳನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಇಲ್ಲಿ ವಿಜ್ಞಾನದಲ್ಲಿ ಏನು ಕಲಿಸುತ್ತಾರೆಂದು ಊರಿನವರು, ಅದರಲ್ಲೂ ಮೇಷ್ಟರಾಗಿರುವ ಗೆಳೆಯರು ಮತ್ತೆ ಮತ್ತೆ ಕೇಳುವುದರಿಂದ, ನಾನು ಹತ್ತಿರದಿಂದ ಕಂಡ ಒಂದು ಪಾಠವನ್ನೇ ಹೇಳುತ್ತೇನೆ.

ಈ ರಾಜ್ಯವು 2013ರಲ್ಲಿ ‘ನೆಕ್ಸ್ಟ್ ಜನರೇಷನ್ ಸೈನ್ಸ್ ಸ್ಟ್ಯಾಂಡರ್ಡ್ಸ್’ ಎಂಬ ಕಲಿಕಾ ಮಾನದಂಡಗಳನ್ನು ಒಪ್ಪಿಕೊಂಡಿತು. ಆರರಿಂದ ಎಂಟನೆಯ ತರಗತಿಯವರೆಗೆ ಜೀವವಿಜ್ಞಾನ, ಭೂವಿಜ್ಞಾನ, ಭೌತ ಮತ್ತು ರಸಾಯನವಿಜ್ಞಾನಗಳನ್ನು ಬಹಳಷ್ಟು ಶಾಲೆಗಳು ಪ್ರತಿವರ್ಷವೂ ಬೆರೆಸಿಯೇ ಕಲಿಸುತ್ತವೆ. ಮಕ್ಕಳು ಬರೆಯುವ ಉತ್ತರಕ್ಕೆ ಮೂರು ಭಾಗಗಳಿರಬೇಕು: ತನ್ನ ಪ್ರತಿಪಾದನೆ, ಅದಕ್ಕೆ ಪುರಾವೆ, ಆ ಪುರಾವೆ ಪ್ರತಿಪಾದನೆಯನ್ನು ಹೇಗೆ ಸಮರ್ಥಿಸುತ್ತದೆ ಎನ್ನುವ ತರ್ಕ.

ದ್ರವ್ಯರಾಶಿ ಸಂರಕ್ಷಣೆಯ ನಿಯಮವನ್ನು ನಾನು ತುಮಕೂರಿನಲ್ಲಿ ಕಲಿತದ್ದು ಒಂದೇ ವಾಕ್ಯದಲ್ಲಿ: ರಾಸಾಯನಿಕ ಕ್ರಿಯೆಯ ಮೊದಲೂ ಆಮೇಲೂ ವಸ್ತುಗಳ ಒಟ್ಟು ದ್ರವ್ಯರಾಶಿ ಬದಲಾಗುವುದಿಲ್ಲ. ಪರೀಕ್ಷೆಯಲ್ಲಿ ಅದನ್ನು ತಪ್ಪಿಲ್ಲದೆ ಬರೆದು ಪೂರ್ತಿ ಅಂಕ ಪಡೆದಿದ್ದೆ. ಮಗಳ ತರಗತಿಯಲ್ಲಿ ಆ ವಾಕ್ಯವನ್ನು ಮೊದಲಿಗೆ ಯಾರೂ ಹೇಳಲಿಲ್ಲ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಗ್ರಾಂ ಅಡುಗೆ ಸೋಡಾ, ಅದರೊಳಗೇ ನಿಲ್ಲಿಸಿದ ಪುಟ್ಟ ಬಟ್ಟಲಿನಲ್ಲಿ ವಿನೆಗರ್ ಇಟ್ಟು, ಚೀಲವನ್ನು ಬಿಗಿಯಾಗಿ ಮುಚ್ಚಿ ತೂಗಿದರು. ಆಮೇಲೆ ಬಟ್ಟಲನ್ನು ಒಳಗೇ ಉರುಳಿಸಿದಾಗ ನೊರೆಯೆದ್ದು, ಹುಟ್ಟಿದ ಅನಿಲದಿಂದ ಚೀಲ ದಿಂಬಿನಂತೆ ಉಬ್ಬಿತು. ಮತ್ತೆ ತೂಗಿದರೆ ಸುಮಾರು ಒಂದು ಗ್ರಾಂ ಕಡಿಮೆ. ಚೀಲ ಸೋರಿರಬೇಕೆಂದುಕೊಂಡು ನೀರಿನಲ್ಲಿ ಮುಳುಗಿಸಿ ನೋಡಿದರೂ ಒಂದು ಗುಳ್ಳೆಯೂ ಏಳಲಿಲ್ಲವಂತೆ.

ಶಿಕ್ಷಕಿ ಉತ್ತರ ಕೊಡದೆಯೇ ಮನೆಗೆ ಕಳಿಸಿದ್ದರು. ಆ ರಾತ್ರಿ ಊಟದ ಮೇಜಿನ ಮೇಲೆ ನಾವಿಬ್ಬರೂ ಬಹಳ ಹೊತ್ತು ತಲೆ ಕೆಡಿಸಿಕೊಂಡೆವು. ಕೊನೆಗೆ ಅವಳೇ, “ಅಪ್ಪಾ, ಚೀಲ ಉಬ್ಬಿದಾಗ ಸುತ್ತಲಿನ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದಲ್ಲವೇ? ನೀರು ಚೆಂಡನ್ನು ಎತ್ತುವ ಹಾಗೆ ಗಾಳಿಯೂ ಅದನ್ನು ಸ್ವಲ್ಪ ಎತ್ತಿ ಹಿಡಿದಿರಬಹುದು” ಎಂದಳು. ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ, ಚೀಲ ಉಬ್ಬಿದ್ದೂ ಹತ್ತಿರ ಹತ್ತಿರ ಒಂದು ಲೀಟರಿನಷ್ಟೇ. ಪಕ್ಕಕ್ಕೆ ಸರಿದ ಗಾಳಿಯ ತೂಕದಷ್ಟೇ ಗಾಳಿ ಚೀಲವನ್ನು ಎತ್ತುವುದರಿಂದ, ಕಾಣೆಯಾದ ಒಂದು ಗ್ರಾಂ ಅಲ್ಲಿ ಸಿಕ್ಕಿತು. ಮರುದಿನ ಉಬ್ಬದಂಥ ಗಟ್ಟಿ ಬಾಟಲಿಯಲ್ಲಿ, ಒಂದೇ ಗ್ರಾಂ ಸೋಡಾ ಹಾಕಿ ಮಾಡಿದಾಗ ತೂಕದ ಅಂಕಿ ಕದಲಲಿಲ್ಲ. ಮುಚ್ಚಳ ಸಡಿಲಿಸಿದಾಗ ಅನಿಲ ಬುಸ್ಸೆಂದು ಹೊರಬಿದ್ದು ಅಂಕಿ ಇಳಿಯಿತು. ನಿಯಮದ ಹೆಸರನ್ನು ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಇಷ್ಟೆಲ್ಲ ಆದ ಮೇಲೆ.

ಭೂಮಿಯ ಹೊರಪದರದ ಚಲಿಸುವ ತುಂಡುಗಳಾದ ಭೂಫಲಕಗಳ ಪಾಠವಂತೂ ಇಲ್ಲಿ ಕಾಲ ಕೆಳಗೇ ಇದೆ. 1868ರಲ್ಲಿ ದೊಡ್ಡ ಭೂಕಂಪಕ್ಕೆ ಕಾರಣವಾದ ಹೇವರ್ಡ್ ಸ್ತರಭಂಗ (ನೆಲದಾಳದ ಬಂಡೆಗಳು ಒಡೆದು ಜರುಗುವ ಬಿರುಕು) ಫ್ರೀಮಾಂಟಿನ ನಡುವೆಯೇ ಹಾದುಹೋಗುತ್ತದೆ. ಅದು ವರ್ಷಕ್ಕೆ ಕೆಲವು ಮಿಲಿಮೀಟರಿನಂತೆ ಸದ್ದಿಲ್ಲದೆ ಜರುಗುವುದರಿಂದ ಅಲ್ಲಲ್ಲಿ ರಸ್ತೆಯ ಅಂಚುಗಲ್ಲುಗಳು ಸೊಟ್ಟಗಾಗಿವೆ.

ಈ ಪದ್ಧತಿಯ ಬಗ್ಗೆ ನನಗೊಂದು ಆತಂಕವೂ ಇದೆ. ಒಂದೇ ಪ್ರಶ್ನೆಯ ಮೇಲೆ ವಾರಗಟ್ಟಲೆ ನಿಲ್ಲುವುದರಿಂದ ಪಾಠದ ಹರಹು ಕಿರಿದಾಗುತ್ತದೆ. ಧಾತುಗಳ ಸಂಕೇತಗಳನ್ನು ನಾವು ಬಾಯಿಪಾಠ ಮಾಡಿದ ವಯಸ್ಸಿನಲ್ಲಿ ಇವಳಿಗೆ ಹತ್ತಾರು ಧಾತುಗಳ ಹೆಸರೂ ನಾಲಿಗೆಯ ಮೇಲಿಲ್ಲ. ನೆನಪಿನಲ್ಲಿ ಸರಕು ಇಲ್ಲದೆ ತರ್ಕವೊಂದೇ ಬಹುದೂರ ಸಾಗಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಭಾನುವಾರಗಳಂದು ಊರಿನಿಂದ ತಂದ ಕನ್ನಡ ವಿಜ್ಞಾನ ಪಠ್ಯವನ್ನು ಬಿಚ್ಚಿ ಇಬ್ಬರೂ ಕೂರುತ್ತೇವೆ. ‘ಸಾಂದ್ರತೆ’, ‘ತಟಸ್ಥೀಕರಣ’ ಮುಂತಾದ ಪದಗಳು ಅವಳಿಗೆ ಬಂದದ್ದು ಹಾಗೆ.

ಹೋದ ವಾರ ಅವಳು ತುಮಕೂರಿನ ಅಜ್ಜಿಗೆ ವಿಡಿಯೊ ಕರೆ ಮಾಡಿ, ಇಡ್ಲಿ ಹಿಟ್ಟು ರಾತ್ರಿಯೆಲ್ಲ ಉಬ್ಬಿದ ಮೇಲೆ ತೂಕ ಹೆಚ್ಚುತ್ತದೆಯೋ ಎಂದು ಕೇಳಿದಳು. ನಮ್ಮಮ್ಮ ಅಡುಗೆಮನೆಯ ತಕ್ಕಡಿಯಲ್ಲಿ ಪಾತ್ರೆಯ ಸಮೇತ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ತೂಗಿ, “ಹಿಟ್ಟು ಎರಡರಷ್ಟಾಗಿದೆ, ತೂಕ ಮಾತ್ರ ತುಸು ಕಡಿಮೆಯೇ ಆಗಿದೆ ಕಣೇ ಪುಟ್ಟಿ” ಎಂದರು.

“ಮುಚ್ಚಳ ಬಿಗಿಯಾಗಿ ಹಾಕಿದ್ರಾ ಅಜ್ಜಿ?” ಎಂದು ಮಗಳು ಕೇಳಿದಳು.