ಯಾವ ಎಪಿ ಬರೆಯೋದು, ಯಾವುದು ಬಿಡೋದು?

ಊರಲ್ಲಾದರೆ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಇರುವುದು ಒಂದೇ ಪ್ರಶ್ನೆ. ಪಿಸಿಎಂಬಿನಾ, ಪಿಸಿಎಂಸಿನಾ? ಅದು ತೀರ್ಮಾನ ಆದರೆ ಮುಂದೆ ಬರೆಯುವ ಪರೀಕ್ಷೆಗಳೂ ತೀರ್ಮಾನ ಆದ ಹಾಗೇ. ಸಿಇಟಿ, ಕಾಮೆಡ್‌-ಕೆ, ನೀಟ್, ಜೆಇಇ, ಯಾವುದಕ್ಕೆ ಯಾವ ಸಬ್ಜೆಕ್ಟ್ ಅಂತ ಮನೆಮಂದಿಗೆಲ್ಲ ಬಾಯಿಪಾಠ. ಹಾಗಾಗಿ ಅತ್ತಿಗೆ ಫೋನ್ ಮಾಡಿದಾಗಲೆಲ್ಲ "ಅವಳು ಯಾವ ಎಂಟ್ರೆನ್ಸ್ ಬರೀತಾಳೆ?" ಅಂತ ಕೇಳುತ್ತಾರೆ. ಇಲ್ಲಿ ನ್ಯೂಜೆರ್ಸಿಯಲ್ಲಿ ಹತ್ತನೇ ಕ್ಲಾಸಿನ ಮಗಳನ್ನು ಇಟ್ಟುಕೊಂಡಿರುವ ನಮಗೆ ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡೋದು ಕಷ್ಟ. ಇಲ್ಲಿ ನಮ್ಮ ತಲೆನೋವು ಎಪಿ ಅನ್ನುವ ಪರೀಕ್ಷೆಗಳಲ್ಲಿ ಯಾವುದನ್ನು ಬರೆಸೋದು ಅನ್ನೋದು.

ನಮಗಿಂತ ಮೊದಲು ಬಂದ ಕನ್ನಡದವರು ಈಗಲೂ "ಎಸ್‌ಎಟಿ ಟೂ ಬರೆಸಿ" ಅನ್ನುತ್ತಾರೆ. ಎಸ್‌ಎಟಿ ಅಂದರೆ ಇಲ್ಲಿ ಕಾಲೇಜು ಸೇರೋದಕ್ಕೆ ಬರೆಯುವ ಪರೀಕ್ಷೆ. ಟೂ ಅಂತ ಅವರು ಹೇಳೋದು ಒಂದೊಂದು ವಿಷಯಕ್ಕೆ ಬೇರೆಯಾಗಿ ಇದ್ದ ಎಸ್‌ಎಟಿ ಸಬ್ಜೆಕ್ಟ್ ಟೆಸ್ಟ್. ಒಂದೊಂದು ಟೆಸ್ಟ್ ಒಂದು ಗಂಟೆ, 800 ಅಂಕ, ಬೇಕಿದ್ದರೆ ಒಂದೇ ದಿನ ಮೂರು ಬರೆಯಬಹುದಿತ್ತು. ನಮ್ಮವರ ಲೆಕ್ಕ ಸುಲಭ. ಮ್ಯಾಥ್ ಲೆವೆಲ್ 2, ಜೊತೆಗೊಂದು ಫಿಸಿಕ್ಸ್ ಅಥವಾ ಕೆಮಿಸ್ಟ್ರಿ, ಮುಗೀತು. 2021ರ ಜನವರಿಯಲ್ಲಿ, ಈ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಅದನ್ನು ನಿಲ್ಲಿಸಿಬಿಟ್ಟಿತು. ಈಗ ಒಂದೊಂದು ವಿಷಯದಲ್ಲಿ ಮಗು ಎಷ್ಟು ಗಟ್ಟಿ ಅಂತ ತೋರಿಸೋದಕ್ಕೆ ಉಳಿದಿರುವುದು ಮುಖ್ಯವಾಗಿ ಎಪಿ, ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಇದು ಒಂದು ಗಂಟೆಯ ಆಟ ಅಲ್ಲ. ಸಾಮಾನ್ಯವಾಗಿ ವರ್ಷಪೂರ್ತಿ ಶಾಲೆಯಲ್ಲೇ ಕಾಲೇಜು ಮಟ್ಟದ ಆ ಕೋರ್ಸ್ ಓದಿ, ಮೇ ತಿಂಗಳಲ್ಲಿ ಪರೀಕ್ಷೆ ಬರೆಯೋದು. ಅಂಕ 1ರಿಂದ 5ರವರೆಗೆ. ರ‍್ಯಾಂಕ್ ಇಲ್ಲ, ಕೌನ್ಸೆಲಿಂಗ್ ಇಲ್ಲ, ಕಟ್‌ಆಫ್ ಇಲ್ಲ. ಕೇಳೋದಕ್ಕೆ ನೆಮ್ಮದಿ ಅನಿಸುತ್ತೆ, ಅಲ್ವಾ? ಆದರೆ ಯಾವುದು ಬರೆಯಬೇಕು ಅಂತ ಯಾರೂ ಹೇಳೋದಿಲ್ಲ. ಪಟ್ಟಿಯಲ್ಲಿ ನಲವತ್ತರ ಹತ್ತಿರ ವಿಷಯಗಳಿವೆ.

ಫೆಬ್ರವರಿಯಲ್ಲಿ ಶಾಲೆಯಿಂದ ಮುಂದಿನ ವರ್ಷದ ಕೋರ್ಸ್ ಆರಿಸುವ ಫಾರಂ ಬಂತು. ಒಂದೊಂದು ಎಪಿ ಹೆಸರಿನ ಎದುರು ವಾರಕ್ಕೆ ಎಷ್ಟು ಗಂಟೆ ಹೋಂವರ್ಕ್ ಅಂತ ಬರೆದಿತ್ತು, ಪಕ್ಕದಲ್ಲಿ ಟೀಚರ್ ಸಹಿಗೆ ಒಂದು ಪುಟ್ಟ ಚೌಕ. ನಮ್ಮ ಮನೆಯವರು ಪೆನ್ಸಿಲ್ ತಗೊಂಡು ಟಕಟಕ ಅಂತ ನಾಲ್ಕು ಟಿಕ್ ಹಾಕಿದರು. ಕ್ಯಾಲ್ಕುಲಸ್ ಬಿಸಿ (BC, ಎರಡು ಕ್ಯಾಲ್ಕುಲಸ್ ಕೋರ್ಸುಗಳಲ್ಲಿ ದೊಡ್ಡದು), ಫಿಸಿಕ್ಸ್ ಸಿ, ಕೆಮಿಸ್ಟ್ರಿ, ಕಂಪ್ಯೂಟರ್ ಸೈನ್ಸ್ ಎ. ಇಲ್ಲಿ ಯಾವ ಕನ್ನಡದವರ, ತೆಲುಗಿನವರ, ತಮಿಳಿನವರ ಮನೆಗೆ ಹೋದರೂ ಈ ನಾಲ್ಕೇ. ಮಗಳು ರಬ್ಬರ್ ತಗೊಂಡು ಒಂದನ್ನು ಅಳಿಸಿ ಅಮೆರಿಕನ್ ಹಿಸ್ಟರಿಗೆ ಟಿಕ್ ಹಾಕಿದಳು. "ಹಿಸ್ಟರಿ ತಗೊಂಡು ಏನೇ ಮಾಡ್ತೀಯಾ?" ಅಂದರು ಅವರು.

ಅವಳಿಗೆ ಈ ಹುಚ್ಚು ಹಿಡಿದಿದ್ದು ಈ ವರ್ಷ ಓದುತ್ತಿರುವ ಎಪಿ ವರ್ಲ್ಡ್ ಹಿಸ್ಟರಿಯಿಂದ. ಆ ಕೋರ್ಸ್ ಸುಮಾರು ಕ್ರಿ.ಶ. 1200ರಿಂದ ಶುರುವಾಗುತ್ತೆ. ಮೊದಲ ಯೂನಿಟ್ಟಿನಲ್ಲೇ ದಕ್ಷಿಣ ಏಷ್ಯಾದ ರಾಜ್ಯಗಳ ಉದಾಹರಣೆಗೆ ವಿಜಯನಗರ ಇದೆ, ಭಕ್ತಿ ಚಳವಳಿಯೂ ಇದೆ. "ಅಮ್ಮಾ, ಇದು ನಾವು ಹೋಗಿದ್ದ ಹಂಪಿ!" ಅಂತ ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಓಡಿ ಬಂದಿದ್ದಳು. ಇಸವಿ ಉರು ಹೊಡೆಯುವ ಹಿಸ್ಟರಿ ಅಲ್ಲ ಇದು. ಪರೀಕ್ಷೆಯಲ್ಲಿ ಡಿಬಿಕ್ಯೂ, ಅಂದರೆ ಡಾಕ್ಯುಮೆಂಟ್ ಬೇಸ್ಡ್ ಕ್ವೆಶ್ಚನ್ ಅಂತ ಒಂದು ಪ್ರಶ್ನೆ ಇರುತ್ತೆ. ಏಳು ದಾಖಲೆ ಕೊಡುತ್ತಾರೆ. ಒಂದು ಕಾಗದ, ಒಂದು ಭಾಷಣದ ತುಣುಕು, ಒಂದು ವ್ಯಂಗ್ಯಚಿತ್ರ, ಹೀಗೆ. ಒಂದು ಗಂಟೆಯಲ್ಲಿ ಅಷ್ಟನ್ನೂ ಓದಿ, ಇದನ್ನು ಬರೆದವನು ಯಾರು, ಯಾರಿಗೆ ಬರೆದ, ಯಾಕೆ ಹೀಗೇ ಬರೆದ ಅಂತ ನೋಡಿ, ತನ್ನದೇ ಒಂದು ವಾದ ಕಟ್ಟಬೇಕು. ನಾನು ಇಂಜಿನಿಯರಿಂಗ್ ಮುಗಿಸುವವರೆಗೂ ಇಂಥ ಒಂದು ಪ್ರಶ್ನೆ ನೋಡಿರಲಿಲ್ಲ. ಕಾಲೇಜಿಗೆ ಹೋಗುವ ಮಗುವಿಗೆ ಇನ್ನೊಂದು ಸೈನ್ಸ್ ಎಪಿಗಿಂತ ಇದೇ ಜಾಸ್ತಿ ಉಪಯೋಗಕ್ಕೆ ಬರುತ್ತೆ ಅಂತ ನನ್ನ ಅಭಿಪ್ರಾಯ. ಮನೆಯವರು ಇನ್ನೂ ಪೂರ್ತಿ ಒಪ್ಪಿಲ್ಲ.

ಹಾಗಾದರೆ ನಾಲ್ಕರಲ್ಲಿ ಬಿಡೋದು ಯಾವುದನ್ನು? ಇಲ್ಲಿ ಕ್ಯಾಲೆಂಡರ್ ನೋಡಬೇಕು. ಕಾಲೇಜು ಅರ್ಜಿಗಳು ಹೋಗೋದು ಹನ್ನೆರಡನೇ ಕ್ಲಾಸಿನ ನವೆಂಬರ್‌ನಿಂದ ಜನವರಿ ಒಳಗೆ. ಆ ವರ್ಷದ ಮೇನಲ್ಲಿ ಬರೆದ ಎಪಿ ಫಲಿತಾಂಶ ಬರೋದು ಜುಲೈನಲ್ಲಿ. ಅಷ್ಟರಲ್ಲಿ ಸೀಟು ನಿರ್ಧಾರ ಆಗಿ ಎಷ್ಟೋ ದಿನ ಆಗಿರುತ್ತೆ. ಅರ್ಜಿಯಲ್ಲಿ ಅಂಕ ತೋರಿಸಬೇಕು ಅಂದರೆ ಹನ್ನೊಂದರ ಕೊನೆಗೇ ಬರೆದಿರಬೇಕು. ಅದಕ್ಕೇ ಹನ್ನೊಂದನೇ ಕ್ಲಾಸಿನಲ್ಲಿ ಮಕ್ಕಳಿಗೆ ನಿದ್ದೆ ಇಲ್ಲ. ಫಿಸಿಕ್ಸ್ ಸಿಗೆ ಕ್ಯಾಲ್ಕುಲಸ್ ಬರಲೇಬೇಕು, ಅದನ್ನು ಕಲಿತ ಮೇಲೆ ತಗೊಂಡರೆ ವಾಸಿ ಅಂತ ಅವಳ ಟೀಚರ್ ಹೇಳಿದರು. ಸರಿ, ಅದು ಹನ್ನೆರಡಕ್ಕೆ ಹೋಯಿತು. ಕಂಪ್ಯೂಟರ್ ಸೈನ್ಸ್ ಅವಳಿಗೆ ಇಷ್ಟವೇ ಇಲ್ಲ, ಅದನ್ನು ಬಿಟ್ಟೆವು. ಉಳಿದಿದ್ದು ಕ್ಯಾಲ್ಕುಲಸ್, ಕೆಮಿಸ್ಟ್ರಿ, ಹಿಸ್ಟರಿ.

ಇರಲಿ ಅಂತ ಸುಮ್ನೆ ಇನ್ನೆರಡು ಬರೆಸಿಬಿಡೋಣ ಅನ್ನುವವರೂ ಇದ್ದಾರೆ. 2025ರಲ್ಲಿ ಇಲ್ಲಿ ಒಂದು ಪರೀಕ್ಷೆಗೆ 99 ಡಾಲರ್ ಇತ್ತು. ನವೆಂಬರ್ ಗಡುವು ದಾಟಿದರೆ ಮೇಲೆ 40 ಡಾಲರ್. ಆ ದುಡ್ಡು ಕಾಲೇಜಿನಲ್ಲಿ ಕ್ರೆಡಿಟ್ ಆಗಿ, ಅಂದರೆ ಆ ಪಾಠ ಆಗಲೇ ಓದಿದ ಲೆಕ್ಕವಾಗಿ, ವಾಪಸ್ ಬರುತ್ತೆ ಅನ್ನೋದು ಅರ್ಧ ನಿಜ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕಾಲೇಜುಗಳಲ್ಲಿ 3 ಬಂದರೂ ಕ್ರೆಡಿಟ್ ಕೊಡುತ್ತಾರೆ. ಎಂಐಟಿಯಲ್ಲಿ ಕ್ಯಾಲ್ಕುಲಸ್ ಬಿಸಿಗೆ 5 ಬಂದರೆ ಮೊದಲ ಕ್ಯಾಲ್ಕುಲಸ್ ಕೋರ್ಸ್ ಮಾಫಿ, ಕೆಮಿಸ್ಟ್ರಿಗೆ ಏನೂ ಇಲ್ಲ. ಕ್ಯಾಲ್‌ಟೆಕ್ ಎಪಿಗೆ ಕ್ರೆಡಿಟ್ಟೇ ಕೊಡೋದಿಲ್ಲ. ಇನ್ನೊಂದು ವಿಷಯ. 2024ರಲ್ಲಿ ಯೇಲ್ ಯೂನಿವರ್ಸಿಟಿ, ಎಸ್‌ಎಟಿ ಬದಲು ಎಪಿ ಅಂಕ ತೋರಿಸಿದರೂ ಆಗುತ್ತೆ ಅಂತ ಹೇಳಿತು. ಆದರೆ ಹಾಗೆ ತೋರಿಸುವವರು ಅಲ್ಲಿಯವರೆಗೆ ಬರೆದ ಎಲ್ಲ ಎಪಿ ಅಂಕವನ್ನೂ ಕೊಡಬೇಕು ಅಂತಲೂ ಸೇರಿಸಿತು. ಸುಮ್ನೆ ಬರೆದು 2 ತಗೊಂಡಿದ್ದರೆ ಅದೂ ಲೆಕ್ಕಕ್ಕೆ ಬಂತು.

ಭಾಷೆಗಳ ಪಟ್ಟಿ ನೋಡಿದಾಗ ಮಾತ್ರ ಹೊಟ್ಟೆ ಉರಿಯಿತು. ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಚೈನೀಸ್, ಜಪಾನೀಸ್ ಇವೆ. ಯಾರ ಮನೆಯಲ್ಲೂ ಮಾತಾಡದ ಲ್ಯಾಟಿನ್ ಕೂಡ ಇದೆ. ಭಾರತದ ಒಂದು ಭಾಷೆಯೂ ಇಲ್ಲ. ಭಾನುವಾರದ ಕನ್ನಡ ಶಾಲೆಗೆ ಇಷ್ಟು ವರ್ಷ ಕರೆದುಕೊಂಡು ಹೋಗಿದ್ದು ಪರೀಕ್ಷೆಗೆ ಅಂತ ಅಲ್ಲ, ನಿಜ. ಆದರೂ!

ಅತ್ತಿಗೆಯ ಮಗ ಈಗ ಫಸ್ಟ್ ಪಿಯುಸಿ. ಅಮೆರಿಕಕ್ಕೂ ಅರ್ಜಿ ಹಾಕಬೇಕು ಅಂತಿದ್ದಾನೆ, ಬೆಂಗಳೂರಿನಲ್ಲೂ ಎಪಿ ಸೆಂಟರ್‌ಗಳಿವೆ. ಅವನಿಗೆ ನಾನು ಹೇಳಿದ್ದು ಇಷ್ಟೇ. ಬರೆಯೋದಾದರೆ ಈ ಮೇನಲ್ಲೇ ಬರಿ, ಅದೂ ಒಂದೋ ಎರಡೋ. ಸೆಕೆಂಡ್ ಪಿಯುಸಿಯ ಮೇ ಅರ್ಜಿಗೆ ತಡ ಆಯಿತು, ಜೊತೆಗೆ ನೀಟ್ ಬರೆಯೋದಿದ್ದರೆ ಅದೂ ಆ ಹೊತ್ತಿಗೇ ಬರುತ್ತೆ. ಕ್ಯಾಲ್ಕುಲಸ್ ಬಿಸಿ ತಗೊಂಡರೆ ಡಿಫರೆನ್ಷಿಯೇಷನ್, ಇಂಟಿಗ್ರೇಷನ್ ಪಿಯುಸಿ ಪಾಠದಲ್ಲೇ ಬರುತ್ತೆ, ಆದರೆ ಹೆಚ್ಚಿನದು ಸೆಕೆಂಡ್ ಪಿಯುಸಿಯಲ್ಲಿ, ಅದನ್ನು ಮೊದಲೇ ಓದಿಕೊಳ್ಳಬೇಕು. ಟೇಲರ್ ಸೀರೀಸ್ ಮತ್ತು ಪೋಲಾರ್ ಕರ್ವ್ ಬೇರೆಯಾಗಿ ಕಲಿಯಬೇಕು. ಅವನು ಒಂದು ಹಳೇ ಪ್ರಶ್ನೆಪತ್ರಿಕೆ ಇಳಿಸಿಕೊಂಡು ನೋಡಿ, "ಚಿಕ್ಕತ್ತೆ, ಇದರಲ್ಲಿ ಕ್ಯಾಲ್ಕುಲೇಟರ್ ಬಿಡ್ತಾರಂತೆ!" ಅಂತ ಮೆಸೇಜ್ ಹಾಕಿದ್ದಾನೆ. ಬಿಡ್ತಾರೆ, ಆದರೆ ಅರ್ಧಕ್ಕಿಂತ ಕಡಿಮೆ ಪ್ರಶ್ನೆಗೆ ಅಂತ ಬರೆದು ಕಳಿಸಿದೆ.