ಶಿರಸಿ ಸುರಕ್ಷಿತ ಊರೇ ಎಂದು ಕೇಳುವವರಿಗೆ

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ಅಕ್ಕನ ಮಗ ಶಿರಸಿಯಲ್ಲಿ ಮನೆ ಕೊಳ್ಳುವ ವಿಚಾರ ಮಾಡುತ್ತಿದ್ದಾನೆ. ನೀರು, ರಸ್ತೆ, ಆಸ್ಪತ್ರೆಗಳ ವಿಚಾರಣೆಯೆಲ್ಲ ಮುಗಿದ ಮೇಲೆ ಅವನು ಕೇಳಿದ್ದು, "ಮಾವ, ಅಲ್ಲಿಯ ಕ್ರೈಂ ರೇಟ್ ಎಷ್ಟು?" ಎಂದು. ನಿವೃತ್ತಿಯ ನಂತರ ಊರಿಗೆ ಮರಳಲು ಬಯಸುವ ಇನ್ನೂ ಕೆಲವರು ಇದೇ ಪ್ರಶ್ನೆಯನ್ನು ಕೇಳಿದ್ದಾರೆ. ಬಡಾವಣೆಯ ನಿವಾಸಿಗಳ ಸಂಘದಲ್ಲಿ ಓಡಾಡಿಕೊಂಡಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇಷ್ಟು ಸಣ್ಣ ಊರಿನ ಅಪರಾಧ ಪ್ರಮಾಣ ಎಂಬ ಅಂಕಿಯಿಂದ ಮನೆ ಕೊಳ್ಳುವವನಿಗೆ ಆಗುವ ಉಪಕಾರ ತೀರಾ ಕಡಿಮೆ. ನೋಡಬೇಕಾದದ್ದು ಆ ಓಣಿಯಲ್ಲಿ ಎಷ್ಟು ಮನೆಗಳಿಗೆ ವರ್ಷದ ಬಹುಪಾಲು ಬೀಗ ಬಿದ್ದಿರುತ್ತದೆ ಎಂಬುದನ್ನು.

ಅಪರಾಧ ಪ್ರಮಾಣವೆಂದರೆ ಒಂದು ಲಕ್ಷ ಜನಸಂಖ್ಯೆಗೆ ದಾಖಲಾದ ಪ್ರಕರಣಗಳ ಸಂಖ್ಯೆ. 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಇದನ್ನು ಪ್ರಕಟಿಸುತ್ತದೆ. ಅದರ ವಾರ್ಷಿಕ ವರದಿಯ ನಗರವಾರು ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಮಹಾನಗರಗಳು ಮಾತ್ರ. ಕರ್ನಾಟಕದ ಮಟ್ಟಿಗೆ ಅದು ಬೆಂಗಳೂರು. ಶಿರಸಿಯಂಥ ಊರುಗಳೆಲ್ಲ ಜಿಲ್ಲೆಯ ಲೆಕ್ಕದಲ್ಲಿ ಕರಗಿಹೋಗುತ್ತವೆ. 2011ರ ಜನಗಣತಿಯ ಪ್ರಕಾರ 14.37 ಲಕ್ಷ ಜನರಿದ್ದ ಉತ್ತರ ಕನ್ನಡದಲ್ಲಿ ಕಾರವಾರದ ಬಂದರೂ ಇದೆ, ಭಟ್ಕಳದ ಪೇಟೆಯೂ ಇದೆ, ಜೋಯಿಡಾದ ಕಾಡಿನ ನಡುವಿನ ಒಂಟಿ ಮನೆಯೂ ಇದೆ. ಇವೆಲ್ಲವನ್ನೂ ಕೂಡಿಸಿ ಭಾಗಿಸಿದ ಅಂಕಿಯನ್ನು ಹಿಡಿದು ಶಿರಸಿಯ ಒಂದು ಬಡಾವಣೆಯನ್ನು ಅಳೆಯುವುದು ಹೇಗೆ?

ಶಿರಸಿಗೇ ಪ್ರತ್ಯೇಕ ಲೆಕ್ಕ ತೆಗೆದರೂ ತೊಡಕು ತೀರುವುದಿಲ್ಲ. 2011ರಲ್ಲಿ ನಗರದ ಜನಸಂಖ್ಯೆ ಸುಮಾರು 63 ಸಾವಿರ. ಅಷ್ಟು ಜನರ ನಡುವೆ ಒಂದೇ ಒಂದು ಮನೆಗಳ್ಳತನ ಹೆಚ್ಚಾದರೂ ಲಕ್ಷಕ್ಕೆ ಹೋಲಿಸಿದ ಪ್ರಮಾಣ 1.6ರಷ್ಟು ಏರುತ್ತದೆ. ಹೊರಗಿನಿಂದ ಬಂದ ಒಂದು ತಂಡ ಒಂದೇ ವಾರದಲ್ಲಿ ಐದು ಮನೆಗಳಿಗೆ ನುಗ್ಗಿದರೆ ಆ ವರ್ಷದ ಅಂಕಿ ಗಾಬರಿ ಹುಟ್ಟಿಸುತ್ತದೆ. ಆ ತಂಡ ಸಿಕ್ಕಿಬಿದ್ದರೆ ಮರುವರ್ಷ ಊರು ಸುಧಾರಿಸಿತೆಂದು ಸುದ್ದಿಯಾಗುತ್ತದೆ. ಎರಡು ವರ್ಷವೂ ಊರು ಇದ್ದಂತೆಯೇ ಇತ್ತು. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ವರ್ಷವಂತೂ ಭಾಗಾಕಾರವೇ ತಪ್ಪುತ್ತದೆ. ಬಿಡಕಿಬೈಲಿನ ಗದ್ದುಗೆಯ ಸುತ್ತ ದಿನವಿಡೀ ನೂಕುನುಗ್ಗಲಿರುವಾಗ ಜೇಬಿಗೆ ಕತ್ತರಿ ಬೀಳುತ್ತದೆ, ಮೊಬೈಲು ಮಾಯವಾಗುತ್ತದೆ, ಕತ್ತಿನ ಸರ ಹೋಗುತ್ತದೆ. ಕಳೆದುಕೊಂಡವರಲ್ಲಿ ಎಷ್ಟೋ ಮಂದಿ ಹಾವೇರಿ, ಹುಬ್ಬಳ್ಳಿ, ಸಾಗರದ ಕಡೆಯವರು. ಆದರೆ ಪ್ರಕರಣ ಶಿರಸಿಯಲ್ಲಿ ದಾಖಲಾಗುತ್ತದೆ, ಭಾಗಿಸುವುದು ಶಿರಸಿಯ ನಿವಾಸಿಗಳ ಸಂಖ್ಯೆಯಿಂದ.

ಇನ್ನು ಅಪರಾಧವೆಂದು ಲೆಕ್ಕಕ್ಕೆ ಸೇರುವುದಾದರೂ ಏನು ಎಂಬುದನ್ನು ನೋಡಬೇಕು. 2020ರಲ್ಲಿ ದೇಶದಲ್ಲಿ ದಾಖಲಾದ ಪ್ರಕರಣಗಳು ಹಿಂದಿನ ವರ್ಷಕ್ಕಿಂತ ಶೇಕಡಾ 28ರಷ್ಟು ಹೆಚ್ಚಾಗಿ 66 ಲಕ್ಷ ದಾಟಿದವು. ಲಾಕ್‌ಡೌನಿನಲ್ಲಿ ಎಲ್ಲರೂ ಮನೆಯಲ್ಲೇ ಕುಳಿತಿದ್ದ, ಕಳ್ಳತನದ ಪ್ರಕರಣಗಳು ಇಳಿದಿದ್ದ ವರ್ಷವದು. ಸರ್ಕಾರಿ ಆದೇಶ ಉಲ್ಲಂಘನೆಯ, ಅಂದರೆ ಆಗಿನ ಭಾರತೀಯ ದಂಡಸಂಹಿತೆಯ 188ನೆಯ ಕಲಮಿನ ಪ್ರಕರಣಗಳು ಸುಮಾರು 29 ಸಾವಿರದಿಂದ 6.12 ಲಕ್ಷಕ್ಕೆ ಏರಿದ್ದು ಒಟ್ಟು ಅಂಕಿ ಉಬ್ಬಲು ಒಂದು ದೊಡ್ಡ ಕಾರಣವಾಗಿತ್ತು. ನಮ್ಮ ಜಿಲ್ಲೆಯಲ್ಲೂ ಹಾಗೆಯೇ. ಗೋವಾ ಮದ್ಯವನ್ನು ಕದ್ದು ಸಾಗಿಸುವ ಕಾರನ್ನು ಪೊಲೀಸರು ಗಡಿಯ ಮಾಜಾಳಿಯ ಬಳಿ ಹಿಡಿದರೆ ಅದೊಂದು ಪ್ರಕರಣ. ಗೂಡಂಗಡಿಯ ಬದಿಯಲ್ಲಿ ಓಸಿ (ಮಟ್ಕಾ ಜೂಜು) ಚೀಟಿ ಬರೆಯುತ್ತಿದ್ದವನನ್ನು ಹಿಡಿದರೆ ಅದೂ ಪ್ರಕರಣವೇ. ಇಂಥವು ಪೊಲೀಸರು ಚುರುಕಾದಷ್ಟೂ ಹೆಚ್ಚಾಗುತ್ತವೆ. ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟದ ತಿರುವಿನಲ್ಲಿ ನಿರ್ಲಕ್ಷ್ಯದ ಚಾಲನೆಯಿಂದ ಯಾರಾದರೂ ಸತ್ತರೆ ಅದು ಸಹ, ದಂಡಸಂಹಿತೆಯ ಬದಲಿಗೆ ಈಗಿರುವ ಭಾರತೀಯ ನ್ಯಾಯ ಸಂಹಿತೆಯ ಅಪರಾಧವಾಗಿ, ಅದೇ ಒಟ್ಟು ಮೊತ್ತದೊಳಗೆ ಸೇರುತ್ತದೆ. (ನಿಜ ಹೇಳಬೇಕೆಂದರೆ, ಮಕ್ಕಳಿರುವ ಕುಟುಂಬ ಇಲ್ಲಿ ಕಳ್ಳರಿಗಿಂತ ಹೆಚ್ಚು ಹೆದರಬೇಕಾದದ್ದು ವಾಹನಗಳಿಗೆ.)

ಇದಕ್ಕೆ ತದ್ವಿರುದ್ಧವಾಗಿ, ನಡೆದಿದ್ದರೂ ಲೆಕ್ಕಕ್ಕೆ ಬಾರದೆ ಹೋಗುವ ಅಪರಾಧಗಳಿವೆ. ನಮ್ಮ ಪರಿಚಯದವರೊಬ್ಬರು ಮನೆಯ ಹಿತ್ತಿಲಿನಿಂದ ನೀರೆತ್ತುವ ಪಂಪು, ತಾಮ್ರದ ಹಂಡೆ ಹೋದವೆಂದು ಠಾಣೆಯೊಂದಕ್ಕೆ ಹೋದಾಗ, ಅರ್ಜಿ ಬರೆಸಿಕೊಂಡು ಒಂದು ಹಿಂಬರಹ ಕೊಟ್ಟು ಕಳಿಸಿದರು. ಹಿಂಬರಹವೆಂದರೆ ಅರ್ಜಿ ತಲುಪಿತೆಂಬ ಚೀಟಿ. ಅದು ಎಫ್ಐಆರ್ ಆಗಲಾರದು, ವಾರ್ಷಿಕ ವರದಿಗೂ ಸೇರದು. ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್ಐಆರ್ ದಾಖಲಿಸುವುದು ಕಡ್ಡಾಯವೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಅದರ ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡಬೇಕು, ಠಾಣೆಯಲ್ಲಿ ನಿರಾಕರಿಸಿದರೆ ಎಸ್ಪಿಯವರಿಗೆ ಲಿಖಿತವಾಗಿ ಕಳುಹಿಸಬಹುದು. ತಪ್ಪು ಠಾಣೆಯ ಕಡೆಗೇ ಇರುತ್ತದೆಂದೂ ಹೇಳಲಾರೆ. ಕೋರ್ಟಿನ ಅಲೆದಾಟ ಯಾರಿಗೆ ಬೇಕು ಎಂದು ಸುಮ್ಮನಾಗುವವರು, ಅಜ್ಜಿಯ ಕಾಲದ ಚಿನ್ನಕ್ಕೆ ರಸೀದಿ ಇಲ್ಲವೆಂದು ಅರ್ಧದಷ್ಟನ್ನೇ ಬರೆಸುವವರು ಬೇಕಾದಷ್ಟಿದ್ದಾರೆ. ಕೇರಳದ ಅಪರಾಧ ಪ್ರಮಾಣ ದೇಶದ ಮೇಲಿನ ಸಾಲಿನಲ್ಲೇ ಇರುತ್ತದೆ. ದೂರು ಕೊಡುವ, ದೂರನ್ನು ದಾಖಲಿಸುವ ರೂಢಿ ಬೆಳೆದಲ್ಲಿ ಅಂಕಿ ಏರುವುದು ಸಹಜವೆಂಬುದನ್ನು ಬಲ್ಲವರು ಅದನ್ನು ನೋಡಿ ಕೇರಳ ಅಪಾಯಕಾರಿ ರಾಜ್ಯವೆಂದು ಹೇಳುವುದಿಲ್ಲ. ಅಂಕಿ ಕಡಿಮೆಯಿದೆ ಎಂಬ ಕಾರಣಕ್ಕೇ ನಮ್ಮೂರನ್ನು ಹೊಗಳಲು ನಾನು ಹಿಂಜರಿಯುವುದು ಅದರಿಂದಲೇ.

ಅಂಕಿಯ ಮಾತು ಸಾಕು. ನಮ್ಮ ಬಡಾವಣೆಯಲ್ಲಿ ಕಳ್ಳರು ನುಗ್ಗಿದ ಒಂದು ಮನೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮನೆಯವರು ಮಗಳ ಬಾಣಂತನಕ್ಕೆಂದು ಪುಣೆಗೆ ಹೋಗಿದ್ದರು. ಮುಂಬಾಗಿಲಿಗೆ ಸಾವಿರ ರೂಪಾಯಿ ಮೀರಿದ ಬೆಲೆಯ ದಪ್ಪ ಬೀಗ ಹಾಕಿದ್ದರು. ಆ ಬೀಗ ಒಂದು ಗೀರೂ ಇಲ್ಲದೆ, ಕೊಂಡಿಯ ಸಮೇತ ಬಾಗಿಲಿನಿಂದ ಜೋತಾಡುತ್ತಿತ್ತು. ಕಳ್ಳರು ಬೀಗದ ಗೊಡವೆಗೇ ಹೋಗಿರಲಿಲ್ಲ. ಕೊಂಡಿಯನ್ನು ಚೌಕಟ್ಟಿಗೆ ಹಿಡಿದಿದ್ದ ಒಂದಿಂಚಿನ ನಾಲ್ಕು ಸ್ಕ್ರೂಗಳನ್ನು ಸಲಾಕೆಯಿಂದ ಮೀಟಿ ಎಬ್ಬಿಸಿದ್ದರು. ಮಳೆಗಾಲದ ತೇವಕ್ಕೆ ಉಬ್ಬಿ, ಬೇಸಿಗೆಗೆ ಒಣಗಿ ಸಡಿಲವಾಗಿದ್ದ ಚೌಕಟ್ಟಿನಿಂದ ಅವು ಸಲೀಸಾಗಿ ಕಿತ್ತುಬಂದಿದ್ದವು. ಒಳಗೆ ಕಬ್ಬಿಣದ ಕಪಾಟಿನ ಕೀಲಿಕೈ ಅದೇ ಕಪಾಟಿನ ನೆತ್ತಿಯ ಮೇಲೆ ಹಾಸಿದ್ದ ಪತ್ರಿಕೆಯ ಅಡಿಯಲ್ಲಿತ್ತು. ಅದನ್ನು ಅಲ್ಲಿಡದ ಮನೆ ನಮ್ಮ ಸೀಮೆಯಲ್ಲಿ ಎಷ್ಟಿದ್ದಾವು? ಅಂಗಳದಲ್ಲಿ ದಿನಪತ್ರಿಕೆಗಳು ರಾಶಿ ಬಿದ್ದಿದ್ದವು. ಮುಂಜಾನೆ ರಂಗೋಲಿ ಕಾಣದ ಹೊಸ್ತಿಲು, ಹೊರಗೆ ತೂಗುವ ಬೀಗ, ಹಗಲಲ್ಲೂ ಉರಿಯುವ ಜಗಲಿಯ ದೀಪ: ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿಯಲು ಇವಿಷ್ಟೇ ಸಾಕು.

ಬಾಗಿಲಿನೊಳಗೇ ಕೂರಿಸುವ ಬೀಗ, ಉದ್ದನೆಯ ಬೋಲ್ಟು ಹಾಕಿ ಆಚೆ ಬದಿಯಿಂದ ನಟ್ಟು ಬಿಗಿದ ಕೊಂಡಿ, ಇವೆರಡಕ್ಕೆ ತಗಲುವ ಖರ್ಚು ಬಹಳವಲ್ಲ. ಮಲೆನಾಡಿನ ಮನೆಗಳ ಇನ್ನೊಂದು ದೌರ್ಬಲ್ಯ ಬಚ್ಚಲುಮನೆಯ ಬಾಗಿಲು. ಮುಂಬಾಗಿಲಿಗೆ ಸಾಗವಾನಿ ಹಾಕಿಸಿದವರು, ಹಿತ್ತಿಲಿಗೆ ತೆರೆಯುವ ಬಚ್ಚಲ ಬಾಗಿಲಿಗೆ ತಗಡನ್ನೋ ತೆಳುವಾದ ಹಲಗೆಯನ್ನೋ ಹೊಡೆಸಿ ಒಂದು ಚಿಲಕಕ್ಕೆ ಬಿಟ್ಟಿರುತ್ತಾರೆ. ಹಳೆಯ ಹಂಚಿನ ಮನೆಯಾದರೆ ನಾಲ್ಕು ಹಂಚು ಸರಿಸಿ ಇಳಿಯುವುದೂ ಕಷ್ಟವಲ್ಲ. ಜುಲೈ ತಿಂಗಳ ಮಳೆ ಹಂಚಿನ ಮೇಲೆ ಸುರಿಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ಮಲಗಿದವರಿಗೂ ಸದ್ದು ಕೇಳಿಸದು.

ಬೀಗ ಬಿದ್ದ ಮನೆಗಳು ಈ ಊರಿನಲ್ಲಿ ಹೆಚ್ಚಲು ಕಾರಣ ಎಲ್ಲರಿಗೂ ತಿಳಿದದ್ದೇ. ಮಕ್ಕಳು ಬೆಂಗಳೂರಿನಲ್ಲಿ, ವಿದೇಶದಲ್ಲಿ. ತಂದೆತಾಯಿ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ. ಅಕ್ಕಪಕ್ಕದವರೂ ಅದೇ ವಯಸ್ಸಿನವರಾದ್ದರಿಂದ ಒಂದು ಸಾಲಿನ ಆರು ಮನೆಗಳಲ್ಲಿ ನಾಲ್ಕಕ್ಕೆ ಒಟ್ಟಿಗೇ ಬೀಗ ಬೀಳುವ ತಿಂಗಳುಗಳೂ ಇರುತ್ತವೆ. ಬೀಗ ಹಾಕಿದ ಮನೆಯ ವಿವರವನ್ನು ಠಾಣೆಗೆ ತಿಳಿಸಿದರೆ ರಾತ್ರಿ ಗಸ್ತಿನವರು ಅತ್ತ ಒಮ್ಮೆ ಹಾದು ಬರುವ ವ್ಯವಸ್ಥೆ ರಾಜ್ಯದ ಹಲವು ಕಡೆ ಬಳಕೆಯಲ್ಲಿದೆ. 2025ರ ಜುಲೈನಲ್ಲಿ ಸರ್ಕಾರ ಆರಂಭಿಸಿದ 'ಮನೆ ಮನೆಗೆ ಪೊಲೀಸ್' ಯೋಜನೆಯಲ್ಲಿ ಬೀಟಿನ ಸಿಬ್ಬಂದಿ ಮನೆಗಳಿಗೇ ಬಂದು ಪರಿಚಯ ಮಾಡಿಕೊಂಡು ಅಹವಾಲು ಕೇಳಬೇಕೆಂಬ ಏರ್ಪಾಡಿದೆ. ಒಳ್ಳೆಯ ಯೋಜನೆಯೆಂದೇ ನನ್ನ ಎಣಿಕೆ. ಆದರೆ ಬೀಟಿನವರು ಬಂದ ದಿನ ಬಾಗಿಲು ತೆರೆಯಲು ಮನೆಯಲ್ಲಿ ಯಾರಾದರೂ ಇರಬೇಕಲ್ಲ.

ಪೇಟೆ ಬಿಟ್ಟು ನಾಲ್ಕು ಮೈಲಿ ಹೋದರೆ ಕಥೆ ಬೇರೆ. ಅಲ್ಲಿ ಕಪಾಟಿಗಿಂತ ಅಂಗಳಕ್ಕೆ ಕಾವಲು ಹೆಚ್ಚು ಬೇಕು. ಒಂದು ಕ್ವಿಂಟಲ್ ಚಾಲಿಗೆ, ಅಂದರೆ ಒಣಗಿಸಿ ಸುಲಿದ ಅಡಿಕೆಗೆ, ಹತ್ತಾರು ಸಾವಿರ ರೂಪಾಯಿ ಸಿಗುವ ಕಾಲದಲ್ಲಿ ಅಂಗಳದಲ್ಲಿ ಹರವಿದ ಅಡಿಕೆ ಬಂಗಾರಕ್ಕಿಂತಲೂ ಸುಲಭದ ಸರಕು. ಬಂಗಾರದ ಸರವನ್ನು ಗುರುತಿಸಬಹುದು, ಬೇರೆಯವರ ಚೀಲ ಸೇರಿದ ಅಡಿಕೆಯನ್ನು ಇಂಥವರ ತೋಟದ್ದೆಂದು ಯಾರು ಹೇಳಿಯಾರು? ಕಾಳುಮೆಣಸಿಗೂ ಅದೇ ಗತಿ. ಇನ್ನೊಂದು ವಿಚಿತ್ರವೆಂದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಾಸದ ಮನೆಯೊಳಗಿನ ಕಳ್ಳತನ 305ನೆಯ ಕಲಮಿಗೆ ಸೇರಿ ಏಳು ವರ್ಷದವರೆಗೆ ಶಿಕ್ಷೆ ತರುತ್ತದೆ. ಬಯಲು ಅಂಗಳದಿಂದ ಹೋದದ್ದಾದರೆ ಸಾಮಾನ್ಯವಾಗಿ 303ರ ಮಾಮೂಲಿ ಕಳ್ಳತನ, ಮೂರು ವರ್ಷದವರೆಗೆ. ವರ್ಷದ ದುಡಿಮೆ ಅಂಗಳದಿಂದಲೇ ಹೋದ ಬೆಳೆಗಾರನಿಗೆ ಈ ಭೇದ ಅರ್ಥವಾಗುವುದು ಕಷ್ಟ.

ಕ್ಯಾಮೆರಾದ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಾಕಿಸಿ, ಬೇಡವೆನ್ನುವುದಿಲ್ಲ. ಆದರೆ ಮಳೆಗಾಲದಲ್ಲಿ ಕರೆಂಟು ಹೋದಾಗ ಅದೂ ಮಲಗುತ್ತದೆ, ಇನ್ವರ್ಟರಿಗೆ ಸೇರಿಸಿರಬೇಕು. ದೃಶ್ಯ ದಾಖಲಾಗುವ ಡಬ್ಬಿಯನ್ನು ಟಿವಿಯ ಪಕ್ಕದಲ್ಲೇ ಇಟ್ಟರೆ ಕಳ್ಳ ಅದನ್ನೂ ಕೊಂಡೊಯ್ಯುತ್ತಾನೆ. ಕಣ್ಣಿಗೆ ಜೇಡ ಬಲೆ ಕಟ್ಟಿದ ಕ್ಯಾಮೆರಾಗಳು ನಮ್ಮ ಓಣಿಯಲ್ಲೇ ಇವೆ. ಇನ್ನು ಏನು ಕಳುವಾದರೂ ಮೊದಲು ಕಟ್ಟಡ ಕೆಲಸಕ್ಕೆ ಬಂದ ಹೊರಗಿನವರತ್ತ ಬೆರಳು ತೋರಿಸುವ ಚಾಳಿ ನನಗೆ ಸಹ್ಯವಾಗುವುದಿಲ್ಲ. ಮನೆ ಬಾಡಿಗೆಗೆ ಕೊಡುವಾಗ ಗುರುತಿನ ಚೀಟಿಯ ಪ್ರತಿ ಪಡೆಯುವುದು ಸರಿಯೇ. ಅದನ್ನು ಊರವನಾದ ಬಾಡಿಗೆದಾರನಿಂದಲೂ ಪಡೆಯಬೇಕು.

ಅಕ್ಕನ ಮಗ ಕೇಳಿರದಿದ್ದರೂ ನಾನು ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಇವತ್ತು ಶಿರಸಿಯ ನಿವೃತ್ತರ ದೊಡ್ಡ ಮೊತ್ತಗಳು ಹೋಗುತ್ತಿರುವುದು ಫೋನಿನ ದಾರಿಯಿಂದ. ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೋ ಕರೆಯಲ್ಲಿ ಪ್ರತ್ಯಕ್ಷನಾಗಿ 'ಡಿಜಿಟಲ್ ಅರೆಸ್ಟ್' ಆಗಿದ್ದೀರಿ ಎನ್ನುವವನಿಗೆ, ಕಾನೂನಿನಲ್ಲಿ ಅಂಥದ್ದೊಂದು ಬಂಧನವೇ ಇಲ್ಲವೆಂದು ಹೇಳುವ ಧೈರ್ಯ ಒಂಟಿಯಾಗಿರುವ ಹಿರಿಯರಿಗೆ ಬರುವುದಿಲ್ಲ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದು ಮುಂದಿನ ಖಾತೆಗಳಿಗೆ ಹರಿಯುವ ಮೊದಲು ತಡೆಹಿಡಿಯುವ ಅವಕಾಶವಿದೆ. ಮಗನಿಗೆ ಹೇಳಲು ನಾಚಿ ಎರಡು ದಿನ ಕಳೆದರೆ ಆ ಅವಕಾಶ ಬಹುಮಟ್ಟಿಗೆ ಕೈತಪ್ಪುತ್ತದೆ. ಇಂಥ ಪ್ರಕರಣ ಜಿಲ್ಲೆಯ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ಇರುವ ಕಾರವಾರದ ಸಿಇಎನ್ ಠಾಣೆಯಲ್ಲಿ ದಾಖಲಾದರೆ, ಹಣ ಹೋದದ್ದು ಶಿರಸಿಯ ಮನೆಯಿಂದಲಾದರೂ ಶಿರಸಿ ಠಾಣೆಯ ಲೆಕ್ಕದಲ್ಲಿ ಅದು ಕಾಣಿಸುವುದೂ ಇಲ್ಲ.

ಆದ್ದರಿಂದ ಅವನಿಗೆ ನಾನು ಕೊಟ್ಟ ಸಲಹೆ ಇಷ್ಟು. ಬನವಾಸಿ ರಸ್ತೆಯ ಕಡೆ ನೋಡಿಟ್ಟಿರುವ ಮನೆಗೆ ಮಧ್ಯಾಹ್ನ ದಲ್ಲಾಳಿಯ ಜೊತೆ ಹೋಗಿ ಬಂದದ್ದು ಸಾಲದು. ರಾತ್ರಿ ಒಂಬತ್ತರ ನಂತರ ಒಬ್ಬನೇ ಹೋಗಿ, ಎಷ್ಟು ಕಿಟಕಿಗಳಲ್ಲಿ ದೀಪವಿದೆ, ಬೀದಿದೀಪ ಎಲ್ಲಿಯವರೆಗೆ ಉರಿಯುತ್ತದೆ ಎಂದು ನೋಡಿಕೊಂಡು ಬರಬೇಕು. ಪಕ್ಕದ ಮನೆಯವರನ್ನು ಮಾತಾಡಿಸಿ ಅವರು ವರ್ಷಪೂರ್ತಿ ಇಲ್ಲಿಯೇ ಇರುತ್ತಾರೆಯೇ ಎಂದು ಕೇಳಬೇಕು. ಬೀಟಿನ ಪೊಲೀಸರ ಹೆಸರು ಆ ಓಣಿಯಲ್ಲಿ ಯಾರಿಗಾದರೂ ಗೊತ್ತಿದೆಯೇ ಎಂಬುದನ್ನೂ ವಿಚಾರಿಸಬೇಕು. ಅದೆಲ್ಲ ಸರಿಬಂದು ಮನೆ ಕೊಂಡನೆಂದರೆ, ಬಣ್ಣ ಬಳಿಸುವ ಮೊದಲು ಬಡಗಿಯನ್ನು ಕರೆಸಿ ಬಚ್ಚಲ ಬಾಗಿಲನ್ನು ಬದಲಾಯಿಸಲಿ. ಒಳ್ಳೆಯ ಬಡಗಿ ನನಗೆ ಗೊತ್ತಿದ್ದಾನೆ, ಆದರೆ ಅಡಿಕೆ ಕೊಯ್ಲು ಮುಗಿಯುವವರೆಗೆ ಅವನೂ ಕೈಗೆ ಸಿಗುವುದಿಲ್ಲ.